ಎಂಟು ಕೊಯ್ತ, ಒಂದು ಕಟ್ಟು

ಒಂದು ಪರೀಕ್ಷೆ ಬರೆದಾಗಿದೆ, ಫಲಿತಾಂಶ ಬಂದಿಲ್ಲ. ಇನ್ನೊಂದಕ್ಕೆ ಅರ್ಜಿ ಹಾಕಿಯಾಗಿದೆ, ದಿನಾಂಕ ಗೊತ್ತಾಗಿಲ್ಲ. ಈ ಪುಟ ಓದುವವರಲ್ಲಿ ಅರ್ಧಕ್ಕರ್ಧ ಮಂದಿ ಇದೇ ಸ್ಥಿತಿಯಲ್ಲಿರುತ್ತೀರಿ ಅಂತ ನನ್ನ ಊಹೆ. ನಾನೂ ಅದೇ ಸಾಲಿನವಳು. ಊರು ದಾಂಡೇಲಿ, ಬಿ.ಕಾಂ. ಮುಗಿದು ಮೂರು ವರ್ಷ. ಬೆಳಿಗ್ಗೆ ಓದು, ಸಂಜೆ ಮಕ್ಕಳಿಗೆ ಟ್ಯೂಷನ್. ನಡುವಿನ ಮಧ್ಯಾಹ್ನ ಮಾತ್ರ ಯಾರ ಲೆಕ್ಕಕ್ಕೂ ಸೇರದ ಹೊತ್ತು. ಎರಡು ವರ್ಷದಿಂದ ಆ ಹೊತ್ತಿನಲ್ಲಿ ಹಿತ್ತಲ ಕಟ್ಟೆಯ ಮೇಲೆ ಕೂತು ಫೋಟೊಗಳಿಗೆ ಕಟ್ಟಿಗೆಯ ಕಟ್ಟು ಹಾಕುತ್ತಿದ್ದೇನೆ.

ಫ್ರೇಮ್ ಅನ್ನುವುದು ಅಂಗಡಿಯ ಮಾತು. ನಮ್ಮ ಮನೆಗಳಲ್ಲಿ ಫೋಟೊಕ್ಕೆ ‘ಕಟ್ಟು ಹಾಕಿಸುವುದು’ ಅಂತಲೇ ಹೇಳುವುದು. ಆ ಕೆಲಸಕ್ಕೆ ಕರೆಂಟಿನ ಯಂತ್ರ ಬೇಕು, ವರ್ಕ್‌ಶಾಪ್ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಕಾರ್ಖಾನೆಯೆಲ್ಲ ಅಜ್ಜಿಯ ಹಳೆ ಟ್ರಂಕಿನಲ್ಲಿ ಹಿಡಿಸುತ್ತದೆ. ಬೆನ್ನಿಗೆ ಕಬ್ಬಿಣದ ಪಟ್ಟಿಯಿರುವ ಒಂದು ಗರಗಸ, ಮರದ ಮೈಟರ್ ಬಾಕ್ಸ್, ಮೂಲೆಮಟ್ಟ, ಸ್ಟೀಲಿನ ಸ್ಕೇಲು, ಸಣ್ಣ ಸುತ್ತಿಗೆ, ಕೈಯಿಂದ ತಿರುಗಿಸುವ ಡ್ರಿಲ್, ಉಜ್ಜುಕಾಗದ ಅಂಟಿಸಿದ ಒಂದು ಮರದ ತುಂಡು, ಸೈಕಲ್ಲಿನ ಹಳೆಯ ಟ್ಯೂಬು. ಟ್ಯೂಬನ್ನು ಪಂಕ್ಚರ್ ಅಂಗಡಿಯವರು ಹಾಗೇ ಕೊಟ್ಟರು. ಉಳಿದದ್ದಕ್ಕೆಲ್ಲ ಸೇರಿ ಎರಡು ಸಾವಿರ ರೂಪಾಯಿಯೂ ಆಗಿಲ್ಲ. ಒಂದು ಕೋಚಿಂಗ್ ಪುಸ್ತಕದ ಸೆಟ್ಟಿಗೆ ಇದಕ್ಕಿಂತ ಹೆಚ್ಚು ಕೊಟ್ಟಿದ್ದೇನೆ.

ನಮ್ಮ ಊರಿಗೂ ಮರಕ್ಕೂ ಇರುವ ನಂಟು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಅವರಿಗೆ ದಾಂಡೇಲಿ ಅಂದರೆ ಕಾಳಿ ನದಿ, ರ‍್ಯಾಫ್ಟಿಂಗ್, ರೆಸಾರ್ಟು. ಅಳ್ನಾವರದಿಂದ ಇಲ್ಲಿಗೆ ರೈಲುಹಳಿ ಬಂದಿದ್ದೇ ಮರ ಸಾಗಿಸಲಿಕ್ಕೆ. ಅರಣ್ಯ ಇಲಾಖೆಯ ನಾಟಾ ಡಿಪೊ ಇವತ್ತಿಗೂ ಊರಿನ ಗುರುತು. ಸಾಗವಾನಿ, ಮತ್ತಿ, ನಂದಿ, ಹೊನ್ನೆಯ ದಿಮ್ಮಿಗಳನ್ನು ಅಲ್ಲಿ ರಾಶಿ ಹಾಕಿ ನಂಬರು ಹೊಡೆದಿರುತ್ತಾರೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಇಲ್ಲಿಗೆ ಬಂದಿದ್ದೂ ಕಾಡು ಮತ್ತು ನೀರನ್ನು ನೋಡಿಯೇ. ಅಂಥ ಊರಿನಲ್ಲಿ ಮದುವೆಯ ಫೋಟೊಕ್ಕೆ ಕಟ್ಟು ಹಾಕಿಸಲು ಹೋದರೆ ಅಂಗಡಿಯವರು ಗೋಡೆಯ ಮೇಲೆ ಸಾಲಾಗಿ ಜೋಡಿಸಿದ ಪ್ಲಾಸ್ಟಿಕ್ ಪಟ್ಟಿಗಳನ್ನು ತೋರಿಸುತ್ತಾರೆ. ಮರದ ಗೆರೆಯನ್ನೂ ಅದರ ಮೇಲೆ ಅಚ್ಚು ಹಾಕಿರುತ್ತಾರೆ! ನೋಡಲು ಕೆಟ್ಟದಾಗಿರುವುದಿಲ್ಲ, ಗೆದ್ದಲೂ ಹಿಡಿಯುವುದಿಲ್ಲ, ಕೆಲಸವೂ ಬೇಗ. ಅಂಗಡಿಯವರನ್ನು ದೂರುವ ಹಾಗಿಲ್ಲ. ಆದರೆ ದಿಮ್ಮಿಗಳು ನಮ್ಮೂರಿನಿಂದ ಲಾರಿ ಹತ್ತಿ ಹೋಗುತ್ತವೆ, ಪ್ಲಾಸ್ಟಿಕ್ ಪಟ್ಟಿ ಎಲ್ಲಿಂದಲೋ ಲಾರಿಯಲ್ಲಿ ಬರುತ್ತದೆ, ನಡುವೆ ಓದಿದ ಹುಡುಗ ಹುಡುಗಿಯರು ಕೈ ಕಟ್ಟಿಕೊಂಡು ನಿಂತಿರುತ್ತೇವೆ. ಈ ಲೆಕ್ಕ ನನಗೆ ಸರಿಹೋಗಲಿಲ್ಲ.

ಮೊದಲು ಮರದ ವಿಷಯವನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆಯ ಹುಡುಗರು ಮೊದಲು ಕೇಳುವುದು ಅದನ್ನೇ. “ಕಾಡಿನಾಗ ಬಿದ್ದಿರ್ತದಲ್ಲಾ, ತಂದ್ರಾತು” ಅಂತ. ಆಗುವುದಿಲ್ಲ. ಅರಣ್ಯದಿಂದ ಅನುಮತಿಯಿಲ್ಲದೆ ಬಿದ್ದ ಮರದ ತುಂಡು ತಂದರೂ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅದು ಅಪರಾಧ. ಜೊಯಿಡಾ ಕಡೆಯವರಂತೂ ಇನ್ನೂ ಎಚ್ಚರವಾಗಿರಬೇಕು, ಕಾಳಿ ಹುಲಿ ಸಂರಕ್ಷಿತ ಪ್ರದೇಶ ಬಾಗಿಲಲ್ಲೇ ಇದೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವವರು ಒಂದು ಅಡಿ ಸಾಗವಾನಿಗಾಗಿ ಕೇಸು ಮೈಮೇಲೆ ಹಾಕಿಕೊಳ್ಳುವುದು ಯಾವ ಜಾಣತನ? ಡಿಪೊದ ಹರಾಜಿನಲ್ಲಿ ದಿಮ್ಮಿಗಳು ಲಾಟ್ ಲೆಕ್ಕದಲ್ಲಿ ಹೋಗುತ್ತವೆ, ಅದು ನಮ್ಮ ಜೇಬಿನ ಮಾತಲ್ಲ.

ನಮಗೆ ಬೇಕಾದದ್ದು ಬೆರಳಗಲದ ಪಟ್ಟಿ. ಅದು ಸಿಗುವ ಜಾಗಗಳು ಮೂರು. ಒಂದು, ಸಾ ಮಿಲ್ಲಿನಲ್ಲಿ ಬಾಗಿಲು ಕಿಟಕಿಗೆ ಕೊಯ್ದ ಮೇಲೆ ಉಳಿಯುವ ಅಂಚುಪಟ್ಟಿಗಳು. ಇವನ್ನು ಒಲೆಗೆ ಮಾರುತ್ತಾರೆ, ಆರಿಸಿಕೊಳ್ಳುತ್ತೇನೆ ಅಂದರೆ ನಾಲ್ಕು ರೂಪಾಯಿ ಹೆಚ್ಚು ಕೇಳುತ್ತಾರೆ. ಎರಡು, ಫರ್ನಿಚರ್ ಮಾಡುವವರ ಹತ್ತಿರ ಉಳಿದ ತುಂಡುಗಳು. ಎರಡೂ ಕಡೆ ಬಿಲ್ಲು ಕೇಳಿ ಇಸಿದುಕೊಳ್ಳಿ. ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ, ಕೆಡವಿದ ಹಳೆಯ ಮನೆಗಳ ಸಾಮಾನು. ಹಳಿಯಾಳದ ಪೇಟೆಯಲ್ಲಿ ಹಳೆ ಮನೆ ಕಿತ್ತರೆ ಜಂತಿ, ಬಾಗಿಲುವಾಡ, ಕಿಟಕಿಯ ಚೌಕಟ್ಟು ಎಲ್ಲ ಒಂದು ಮೂಲೆಗೆ ಬಿದ್ದಿರುತ್ತವೆ. ಎಷ್ಟೋ ದಶಕ ಮನೆಯೊಳಗೇ ಒಣಗಿದ ಮರ ಅದು. ಇನ್ನು ಅದು ಸೊಟ್ಟಗಾಗುವುದು ಅಪರೂಪ. ಮೊಳೆ ಮಾತ್ರ ಹುಡುಕಿ ಕೀಳಬೇಕು, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ.

ಹಳೆಯ ಕಟ್ಟುಗಳನ್ನೂ ಬಿಡಬೇಡಿ. 1894ರಲ್ಲಿ ರಾಜಾ ರವಿವರ್ಮ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದ ಮೇಲೆ ಲಕ್ಷ್ಮಿ ಸರಸ್ವತಿಯರ ಬಣ್ಣದ ಚಿತ್ರಗಳು ಸಾಮಾನ್ಯರ ಮನೆಗೂ ಬಂದವು. ಆ ಪಟಗಳ ಜೊತೆ ಕಟ್ಟು, ಗಾಜು, ಮೊಳೆ ಎಲ್ಲವೂ ಗೋಡೆಗೆ ಏರಿದವು. ನಿಮ್ಮ ಮನೆಯ ಅಟ್ಟದಲ್ಲೂ ಗಾಜು ಒಡೆದ ಒಂದು ದೇವರ ಪಟ ಇದ್ದೀತು. ಅದನ್ನು ತಿರುಗಿಸಿ ಹಿಂಭಾಗ ನೋಡಿ. ಈ ಲೇಖನಕ್ಕಿಂತ ಚೆನ್ನಾಗಿ ಅದೇ ಪಾಠ ಹೇಳುತ್ತದೆ.

ಯಾವ ಮರ ಅಂದರೆ, ಶುರುವಿಗೆ ಸಾಗವಾನಿಯೇ ಒಳ್ಳೆಯದು. ಗರಗಸಕ್ಕೆ ಮಣಿಯುತ್ತದೆ, ಮಳೆಗೆ ಬಿಸಿಲಿಗೆ ಹೆಚ್ಚು ಕುಣಿಯುವುದಿಲ್ಲ. ಆದರೆ ಕೆಚ್ಚಿನ ಭಾಗ ನೋಡಿ ತೆಗೆದುಕೊಳ್ಳಿ. ಹೊರಗಿನ ಬಿಳಿ ಭಾಗಕ್ಕೆ ಸಾಗವಾನಿ ಅನ್ನುವ ಹೆಸರಿದ್ದರೂ ಹುಳು ಹಿಡಿಯುತ್ತದೆ. ಮತ್ತಿ ಗಟ್ಟಿ, ಕೈಗರಗಸದವರ ರಟ್ಟೆ ಕೇಳುತ್ತದೆ. ಸಿಲ್ವರ್ ಓಕ್ ಅಗ್ಗ, ಗೆರೆ ಚೆಂದ, ಹುಳುವಿನ ಭಯ ಇದ್ದದ್ದೇ. ಯಂತ್ರಗಳ ಪ್ಯಾಕಿಂಗಿಗೆ ಬರುವ ಪೈನ್ ಪೆಟ್ಟಿಗೆಗಳು ಕೈ ಪಳಗಿಸಿಕೊಳ್ಳಲು ಸಾಕು.

ಈಗ ಹತ್ಯಾರದ ಮಾತು. ನಮ್ಮ ಓಣಿಯಲ್ಲಿ ವಯಸ್ಸಾದ ಬಡಿಗ ಕಾಕಾ ಒಬ್ಬರಿದ್ದಾರೆ. ಈಗ ಕೈ ನಡುಗುತ್ತದೆ, ಕೆಲಸ ಬಿಟ್ಟಿದ್ದಾರೆ. ನಾನು ಮೊದಲ ದಿನ ಅವರ ಹತ್ತಿರ ಹೋಗಿ ಯಾವ ಗರಗಸ ತರಲಿ ಅಂತ ಕೇಳಿದೆ. ಗರಗಸದ ಮಾತು ಎತ್ತದೆ ಅವರು ಮೂಲೆಮಟ್ಟ ಕೈಗೆ ಕೊಟ್ಟು, “ಮೊದಲ ಇದನ್ನ ಹಿಡಿಯೂದು ಕಲಿಯವ್ವಾ. ನಿನ್ನ ಮನಿ ಗ್ವಾಡಿಗೆ, ಬಾಗಲಕ್ಕ, ಟೇಬಲ್ಲಿಗೆ ಹಚ್ಚಿ ನೋಡ್ಕೋತ ಬಾ” ಅಂದರು. ಒಂದು ವಾರ ಕಂಡದ್ದಕ್ಕೆಲ್ಲ ಮಟ್ಟ ಹಿಡಿದೆ. ನಮ್ಮ ಮನೆಯಲ್ಲಿ ನೇರವಾದ ಮೂಲೆ ಎರಡೇ ಎರಡು ಇವೆ ಅಂತ ಆಗ ಗೊತ್ತಾಯಿತು. ಅಪ್ಪನಿಗೆ ಈ ಸುದ್ದಿ ಅಷ್ಟೇನೂ ಹಿಡಿಸಲಿಲ್ಲ.

ಕಾಕಾ ಯಾಕೆ ಅಲ್ಲಿಂದ ಶುರು ಮಾಡಿದರು ಅನ್ನುವುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಒಂದು ಕಟ್ಟಿಗೆ ನಾಲ್ಕು ಪಟ್ಟಿ, ಪ್ರತಿ ಪಟ್ಟಿಗೆ ಎರಡು ತುದಿ, ಒಟ್ಟು ಎಂಟು ಕೊಯ್ತ. ಪ್ರತಿಯೊಂದೂ 45 ಡಿಗ್ರಿ ಇರಬೇಕು. ನಿಮ್ಮ ಗರಗಸ ಪ್ರತಿ ಸಲವೂ ಬರೀ ಅರ್ಧ ಡಿಗ್ರಿ ಕಡಿಮೆ ಕೊಯ್ದಿತು ಅಂತಿಟ್ಟುಕೊಳ್ಳಿ. ಒಂದು ಮೂಲೆಯಲ್ಲಿ ಅದು ಕಣ್ಣಿಗೇ ಕಾಣುವುದಿಲ್ಲ. ಎಂಟೂ ಸೇರಿದಾಗ 4 ಡಿಗ್ರಿ ಆಗುತ್ತದೆ. ಮೂರು ಮೂಲೆ ಬಿಗಿಯಾಗಿ ಕೂಡಿಸಿದರೆ ಆ 4 ಡಿಗ್ರಿಯೂ ನಾಲ್ಕನೆಯ ಮೂಲೆಗೆ ಬಂದು ಬೀಳುತ್ತದೆ. ಒಂದೂವರೆ ಇಂಚು ಅಗಲದ ಪಟ್ಟಿಯಾದರೆ ಅಲ್ಲಿ ಸುಮಾರು 4 ಮಿಲಿಮೀಟರ್ ಸಂದು. ಬಡಿಗರ ಅಳತೆಯಲ್ಲಿ ಇಂಚಿನ ಎಂಟನೇ ಒಂದು ಭಾಗ ಅಂದರೆ ಒಂದು ಸೂತು. ಇದು ಒಂದು ಸೂತಿಗಿಂತಲೂ ಹೆಚ್ಚಾಯಿತು. ಪುಟ್ಟಿ ತುಂಬಿ, ಬಣ್ಣ ಹಚ್ಚಿ ಮುಚ್ಚಬಹುದು. ಪೇಟೆಯ ಎಷ್ಟೋ ಕಟ್ಟುಗಳಲ್ಲಿ ಹಾಗೇ ಮುಚ್ಚಿರುತ್ತಾರೆ, ಉಗುರು ಆಡಿಸಿದರೆ ತಿಳಿಯುತ್ತದೆ. ಪಾಲಿಶ್ ಮಾತ್ರ ಹಚ್ಚುವ ಮರದಲ್ಲಿ ಮುಚ್ಚಲು ಬರುವುದಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಇದು. ಕೈಯಲ್ಲಿ ಸಾವಿರ ರೂಪಾಯಿ ಇದ್ದರೆ ಅದರ ಹೆಚ್ಚಿನ ಪಾಲು ಗರಗಸ ಮತ್ತು ಮೂಲೆಮಟ್ಟಕ್ಕೆ ಹೋಗಲಿ, ಉಳಿದದ್ದು ಮನೆಯಲ್ಲೇ ಹುಟ್ಟುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಟೆನನ್ ಸಾ’ ಅಂತ ಕೇಳಿ. 12 ಇಂಚು ಉದ್ದ, ಬೆನ್ನಿಗೆ ಪಟ್ಟಿ ಇರುತ್ತದೆ. ಆ ಪಟ್ಟಿಯಿಂದ ಅಲಗು ಬಾಗುವುದಿಲ್ಲ. ಹಲ್ಲು ಸಣ್ಣವಿರಲಿ, ಇಂಚಿಗೆ 12ರಿಂದ 14. ದಪ್ಪ ಹಲ್ಲಿನ ಗರಗಸ ಬೇಗ ಕೊಯ್ದರೂ ಅಂಚನ್ನು ಹರಿದುಹಾಕುತ್ತದೆ. ಬರೀ ಸಣ್ಣ ಪಟ್ಟಿ ಕೊಯ್ಯುವವರಿಗೆ ಕಬ್ಬಿಣ ಕೊಯ್ಯುವ ಹ್ಯಾಕ್ ಸಾ ಕೂಡ ನಡೆಯುತ್ತದೆ, ನಿಧಾನ ಅಷ್ಟೆ. ಮೂಲೆಮಟ್ಟ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಒಂದು ನೇರ ಅಂಚಿಗೆ ಅದನ್ನು ಹಚ್ಚಿ ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ದುಡ್ಡು ಕೊಡಿ, ಕವಲೊಡೆದರೆ ಬೇರೆಯದು ಕೇಳಿ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ಮೈಟರ್ ಬಾಕ್ಸ್ ಅಂದರೆ ಮೇಲೆ ಮುಚ್ಚಳವಿಲ್ಲದ, ಎರಡು ತುದಿಯೂ ಬಯಲಾದ ಒಂದು ಡಬ್ಬಿ. ಎರಡು ಪಕ್ಕದ ಹಲಗೆಗಳಲ್ಲಿ ಓರೆಯಾಗಿ ಸೀಳು ಇರುತ್ತದೆ. ಪಟ್ಟಿಯನ್ನು ಒಳಗಿಟ್ಟು ಗರಗಸವನ್ನು ಆ ಸೀಳಿನಲ್ಲಿ ಓಡಿಸಿದರೆ ಕೋನ ತಾನಾಗಿ ಬರುತ್ತದೆ. ಪ್ಲಾಸ್ಟಿಕ್ಕಿನದು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಸೀಳುಗಳು ಅಗಲವಾಗಿದ್ದು ಗರಗಸ ಅದರೊಳಗೆ ಅಲ್ಲಾಡುತ್ತದೆ. ಮನೆಯಲ್ಲೇ ಮಾಡಿಕೊಂಡರೆ ನಿಮ್ಮ ಗರಗಸಕ್ಕೆ ತಕ್ಕ ಸೀಳು ಆಗುತ್ತದೆ. ಒಂದಡಿ ಉದ್ದದ ಮೂರು ನೇರ ಹಲಗೆ ಸಾಕು. ತಳಕ್ಕೆ ಒಂದು, ಅಕ್ಕಪಕ್ಕ ಎರಡು. ಅಂಟು ಹಾಕಿ ಸ್ಕ್ರೂ ಬಿಗಿಯಿರಿ. ಸ್ಕ್ರೂಗಳು ಗರಗಸ ಓಡುವ ಜಾಗದಲ್ಲಿ ಬರದಿರಲಿ. ಈಗ ಡಬ್ಬಿಯ ಹೊರ ಅಗಲ ಅಳೆಯಿರಿ, 4 ಇಂಚು ಅಂದುಕೊಳ್ಳೋಣ. ಮೇಲಂಚಿನಲ್ಲಿ 4 ಇಂಚು ಅಂತರ ಬಿಟ್ಟು ಅಡ್ಡಕ್ಕೆ ಎರಡು ಗೆರೆ ಹಾಕಿ. ನಾಲ್ಕು ಕಡೆಯೂ ನಾಲ್ಕೇ ಇಂಚಿನ ಒಂದು ಚೌಕ ಆಯಿತಲ್ಲ? ಅದರ ಎದುರುಬದುರು ಮೂಲೆಗಳನ್ನು ಸೇರಿಸಿದರೆ ಸರಿಯಾಗಿ 45 ಡಿಗ್ರಿ. ಆ ಗುರುತುಗಳನ್ನು ಮೂಲೆಮಟ್ಟ ಹಿಡಿದು ಪಕ್ಕದ ಹಲಗೆಯ ಮೇಲೆ ನೆಟ್ಟಗೆ ಕೆಳಗಿಳಿಸಿ, ಗರಗಸದಿಂದ ಸೀಳಿ. ಹೈಸ್ಕೂಲಿನಲ್ಲಿ ಚೌಕದ ಕರ್ಣ ಅಂತ ಬಾಯಿಪಾಠ ಮಾಡಿದ್ದು ಕೈಗೆ ಬಂದು ಕೂರುವುದು ಆಗಲೇ.

ಕೊಯ್ದ ತುದಿಯನ್ನು ಬಡಿಗರು ಉಜ್ಜುಗೊರಡಿನಿಂದ, ಅಂದರೆ ನಮ್ಮ ಕಡೆಯ ರಂದಾದಿಂದ, ಒಂದೆರಡು ಸಲ ತೀಡಿ ನಯ ಮಾಡುತ್ತಾರೆ. ರಂದಾ ಹಿಡಿಯಲು ಅಭ್ಯಾಸ ಬೇಕು, ಅಲಗು ಮಸೆಯುವುದೇ ಒಂದು ವಿದ್ಯೆ. ಅದಿಲ್ಲದವರು ನೇರವಾದ ಒಂದು ಮರದ ತುಂಡಿಗೆ 120 ನಂಬರಿನ ಉಜ್ಜುಕಾಗದ ಅಂಟಿಸಿಕೊಂಡು, ಕೊಯ್ದ ಮುಖವನ್ನು ಅದರ ಮೇಲೆ ನಾಲ್ಕೈದು ಸಲ ಎಳೆದರೆ ಆಯಿತು. ಎಳೆದ ಮೇಲೆ ಮತ್ತೆ ಮಟ್ಟ ಹಿಡಿಯಬೇಕು.

ಕಟ್ಟಿನ ಹಿಂದೆ ಗಾಜು ಕೂರಲು ಒಂದು ಮೆಟ್ಟಿಲು ಬೇಕಲ್ಲ, ಅದನ್ನು ಯಂತ್ರವಿಲ್ಲದೆ ಹೇಗೆ ಕೊರೆಯುವುದು ಅಂತ ಎಲ್ಲರೂ ಕೇಳುತ್ತಾರೆ. ಕೊರೆಯುವುದೇ ಬೇಡ. ಎರಡು ಪಟ್ಟಿ ತೆಗೆದುಕೊಳ್ಳಿ, ಎರಡೂ ಅರ್ಧ ಇಂಚು ದಪ್ಪ. ಮುಂದಿನದು ಒಂದೂವರೆ ಇಂಚು ಅಗಲ, ಹಿಂದಿನದು ಒಂದೂಕಾಲು ಇಂಚು. ಹೊರ ಅಂಚು ಸಮ ಮಾಡಿ ಒಂದರ ಬೆನ್ನಿಗೆ ಇನ್ನೊಂದನ್ನು ಅಂಟಿಸಿದರೆ ಒಳಗಡೆ ಕಾಲು ಇಂಚಿನ ಮೆಟ್ಟಿಲು ತಾನೇ ಉಳಿಯುತ್ತದೆ. ಅಂಟು ಒಣಗಿದ ಮೇಲೆಯೇ ಮೂಲೆ ಕೊಯ್ಯಬೇಕು. ಸಾ ಮಿಲ್ಲಿನವರ ಹತ್ತಿರ ಪಟ್ಟಿಗಳನ್ನು ಇದೇ ಅಳತೆಗೆ ಸೀಳಿಸಿಕೊಂಡು ಬಂದರೆ ಉದ್ದುದ್ದ ಕೊಯ್ಯುವ ಕಷ್ಟವೂ ತಪ್ಪುತ್ತದೆ.

ಉದ್ದದ ಲೆಕ್ಕಕ್ಕೆ ಪೆನ್ನು ಹಿಡಿಯಲೇಬೇಕು. 8 ಇಂಚು, 10 ಇಂಚಿನ ಫೋಟೊ ಅಂದುಕೊಳ್ಳಿ. ಗಾಜು ಬಿಗಿಯಾಗಿ ಸಿಕ್ಕಿಕೊಳ್ಳದಂತೆ ಒಂದು ಸೂತು ಸಡಿಲ ಬಿಡಬೇಕು. ಮೆಟ್ಟಿಲಿನ ಅಂಚಿನಿಂದ ಹೊರ ಅಂಚಿಗೆ ಒಂದೂಕಾಲು ಇಂಚು, ಎರಡೂ ಕಡೆ ಸೇರಿ ಎರಡೂವರೆ. ಹಾಗಾಗಿ ಗಿಡ್ಡ ಪಟ್ಟಿಯ ಹೊರ ಉದ್ದ ಹತ್ತು ಇಂಚು ಐದು ಸೂತು, ಉದ್ದ ಪಟ್ಟಿಯದು ಹನ್ನೆರಡು ಇಂಚು ಐದು ಸೂತು. ನಾಲ್ಕೂ ಸೇರಿ ನಲವತ್ತಾರೂವರೆ ಇಂಚು. ಗರಗಸ ತಿನ್ನುವುದು, ಉಜ್ಜಿ ಹೋಗುವುದು ಎಲ್ಲ ಸೇರಿಸಿ ನಾಲ್ಕೂವರೆ ಅಡಿ ಪಟ್ಟಿ ಇಟ್ಟುಕೊಂಡರೆ ನೆಮ್ಮದಿ. ಎದುರುಬದುರು ಪಟ್ಟಿಗಳು ಒಂದೇ ಉದ್ದ ಇರುವುದು ಕೋನದಷ್ಟೇ ಮುಖ್ಯ. ಅದಕ್ಕೆ ಅಳೆದು ಅಳೆದು ಕೊಯ್ಯಬೇಡಿ. ಮೈಟರ್ ಬಾಕ್ಸಿಗೆ ಒಂದು ತಡೆಗಟ್ಟೆ ಮೊಳೆ ಹೊಡೆದು, ಎರಡೂ ಪಟ್ಟಿಯ ತುದಿಯನ್ನು ಅದಕ್ಕೇ ತಾಗಿಸಿ ಕೊಯ್ಯಿರಿ. ಅಳತೆಯಲ್ಲಿ ವ್ಯತ್ಯಾಸ ಬಂದರೂ ಎರಡಕ್ಕೂ ಒಂದೇ ಬರುತ್ತದೆ.

ನಾಲ್ಕು ಮೂಲೆಗೂ ಫೆವಿಕಾಲ್ ಹಚ್ಚಿ ಜೋಡಿಸಿದ ಮೇಲೆ ಹಿಡಿದು ನಿಲ್ಲಿಸುವುದಕ್ಕೆ ಸೈಕಲ್ ಟ್ಯೂಬು. ಅದನ್ನು ಉದ್ದಕ್ಕೆ ಕತ್ತರಿಸಿ ಕಟ್ಟಿನ ಸುತ್ತ ಎಳೆದೆಳೆದು ಎರಡು ಮೂರು ಸುತ್ತು ಬಿಗಿದರೆ ನಾಲ್ಕು ಮೂಲೆಯ ಮೇಲೂ ಒತ್ತಡ ಬೀಳುತ್ತದೆ. ಬೆಲೆಬಾಳುವ ಕ್ಲಾಂಪ್ ಮಾಡುವ ಕೆಲಸವೂ ಅಷ್ಟೇ. ಬಿಗಿದ ಕೂಡಲೇ ದಾರ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಒಂದು ಉದ್ದ ಬಂದರೆ ಆ ಮೂಲೆಗಳನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿ ಸಮ ಮಾಡಿ. ಅಂಟು ಹಸಿ ಇರುವಾಗ ಇದಕ್ಕೆ ಹತ್ತು ನಿಮಿಷವಷ್ಟೇ ಸಮಯ. ಆಮೇಲೆ ಒಂದು ರಾತ್ರಿ ಮುಟ್ಟಬಾರದು. ಮಾರನೆಯ ದಿನ ಡ್ರಿಲ್ಲಿನಿಂದ ಸಣ್ಣ ತೂತು ಮಾಡಿ ಪ್ರತಿ ಮೂಲೆಗೂ ಒಂದೊಂದು ಇಂಚಿನ ಎರಡು ಪಿನ್ ಮೊಳೆ. ತೂತು ಮಾಡದೆ ಹೊಡೆದರೆ ಒಣ ಸಾಗವಾನಿ ತುದಿಯಲ್ಲಿ ಸೀಳುತ್ತದೆ.

ಪಾಲಿಶ್‌ಗೆ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುವುದು ಹಳೆಯ ಪದ್ಧತಿ. ನನಗೆ ಜೇನುಮೇಣ ಮತ್ತು ಅಗಸೆ ಎಣ್ಣೆ ಇಷ್ಟ. ಜೊಯಿಡಾ ಕಡೆಯಿಂದ ಜೇನು ತರುವವರು ಮೇಣವನ್ನೂ ಕೊಡುತ್ತಾರೆ. ಒಂದು ಎಚ್ಚರಿಕೆ ಹೇಳಲೇಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಕಾವೇರಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ. ಮರದ ಪುಡಿಯೂ ಗಂಟಲಿಗೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿ.

ಗಾಜು 2 ಮಿಲಿಮೀಟರಿನದು ಸಾಕು, ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಹಿಂದೆ 3 ಮಿಲಿಮೀಟರಿನ ಹಾರ್ಡ್‌ಬೋರ್ಡ್.

ನಮ್ಮ ನಾಲ್ಕೂ ತಾಲ್ಲೂಕಿನ ಗಾಳಿಗೆ ಮರ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಬೇರೆಯದೇ ಪಾಠ. ಜೊಯಿಡಾದಲ್ಲಿ ಮಳೆಗಾಲ ಅಂದರೆ ಗೋಡೆಯೂ ಬೆವರುತ್ತದೆ. ಹಳಿಯಾಳ, ಮುಂಡಗೋಡಿನ ಬಯಲಲ್ಲಿ ಏಪ್ರಿಲ್ ಬಿಸಿಲು ಹುಬ್ಬಳ್ಳಿಯ ಬಿಸಿಲೇ. ಮರ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಅದರಿಂದ ಓರೆ ಕೊಯ್ದ ಮೂಲೆಯ ಕೋನವೇ ಬದಲಾಗುತ್ತದೆ. ಒಣಗಿದರೆ ಮೂಲೆಯ ಒಳಬದಿ ಬಾಯಿಬಿಡುತ್ತದೆ, ತೇವ ಕುಡಿದರೆ ಹೊರತುದಿ. ಗೋಡೆಯ ಮೇಲಿರುವ ಒಂದು ಕಟ್ಟನ್ನು ನೋಡಿ, ಸಂದು ಯಾವ ಕಡೆ ಇದೆ ಅನ್ನುವುದರ ಮೇಲೆ ಅದನ್ನು ಹಸಿ ಮರದಲ್ಲಿ ಮಾಡಿದ್ದೋ ಅಲ್ಲವೋ ಅಂತ ಕಾಕಾ ಕೂತಲ್ಲೇ ಹೇಳುತ್ತಾರೆ. ನಾನು ಪಟ್ಟಿ ತಂದ ಮೇಲೆ ತಿಂಗಳೊಪ್ಪತ್ತು ಅಡುಗೆಮನೆಯ ಅಟ್ಟದ ಮೇಲೆ ಗಾಳಿಯಾಡುವಂತೆ ಅಡ್ಡಡ್ಡ ಜೋಡಿಸಿಡುತ್ತೇನೆ. ಅಡಿಗೆ ಸ್ಕೇಲಿನಲ್ಲಿ ತೂಗಿ ಬರೆದಿಟ್ಟುಕೊಂಡು ವಾರಕ್ಕೊಮ್ಮೆ ನೋಡುತ್ತೇನೆ. ತೂಕ ಇಳಿಯುವುದು ನಿಂತಿತು ಅಂದರೆ ಮರ ಒಣಗಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಯ್ಯುವ ಕೆಲಸ ಕಡಿಮೆ ಮಾಡಿ ಪಟ್ಟಿ ಅಂಟಿಸುವುದು, ಉಜ್ಜುವುದು ಮಾತ್ರ ಇಟ್ಟುಕೊಳ್ಳುತ್ತೇನೆ. ಆ ತಿಂಗಳುಗಳಲ್ಲಿ ಓದೂ ಹೆಚ್ಚು ನಡೆಯುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ನನ್ನ ನೋಟ್‌ಬುಕ್ಕಿನಲ್ಲಿ ಇರುವುದನ್ನೇ ಹೇಳುತ್ತೇನೆ. 8–10 ಇಂಚಿನ ಒಂದು ಕಟ್ಟಿಗೆ ಮರ 60 ರೂಪಾಯಿ, ಗಾಜು 50, ಹಿಂಬದಿಯ ಬೋರ್ಡು 20, ಅಂಟು ಮೊಳೆ ಕೊಂಡಿ ಮೇಣ ಎಲ್ಲ ಸೇರಿ 25. ಒಟ್ಟು 155. ಮಾರುವುದು 350ಕ್ಕೆ. ಉಳಿಯುವುದು 195 ರೂಪಾಯಿ. ಕೈಕೆಲಸ ಸುಮಾರು ಮೂರು ಗಂಟೆ. ತಿಂಗಳಿಗೆ ಹತ್ತು ಹನ್ನೆರಡು ಕಟ್ಟು ಮಾಡಿದರೆ ಎರಡು ಸಾವಿರ ರೂಪಾಯಿಯ ಆಸುಪಾಸು. ಇದರಲ್ಲಿ ಸಂಸಾರ ನಡೆಯುವುದಿಲ್ಲ. ಮನೆಯಲ್ಲೇ ಕೂತು ತಿಂಗಳಿಗೆ ಮೂವತ್ತು ಸಾವಿರ ಗಳಿಸಿ ಅನ್ನುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಕಟ್ಟಿನ ಕೆಲಸದಲ್ಲಿ ಅಷ್ಟು ದುಡಿಯಬೇಕೆಂದರೆ ಯಂತ್ರ, ಅಂಗಡಿ, ಬಾಡಿಗೆ ಎಲ್ಲ ಬೇಕಾಗುತ್ತದೆ. ಆಗ ಅದು ಬೇರೆ ಉದ್ಯೋಗ. ನನಗೆ ಈ ಎರಡು ಸಾವಿರದ ಬೆಲೆ ಬೇರೆ ಕಡೆ ಇದೆ. ಎರಡು ವರ್ಷದಲ್ಲಿ ಹಾಕಿದ ಒಂದು ಅರ್ಜಿಯ ಶುಲ್ಕವನ್ನೂ, ಧಾರವಾಡ ಹುಬ್ಬಳ್ಳಿಗೆ ಪರೀಕ್ಷೆ ಬರೆಯಲು ಹೋದ ಒಂದು ಬಸ್ ಚಾರ್ಜನ್ನೂ ಅಪ್ಪನ ಕೈಯಿಂದ ಇಸಿದುಕೊಂಡಿಲ್ಲ. ನೋಟಿಫಿಕೇಶನ್ ಬಂದಾಗ ಇದಕ್ಕೆ ಹಾಕಲೋ ಬೇಡವೋ ಅಂತ ದುಡ್ಡಿನ ಮುಖ ನೋಡಿ ಯೋಚಿಸುವ ಕಷ್ಟ ಗೊತ್ತಿದ್ದವರಿಗೆ ಇದು ಅರ್ಥವಾದೀತು.

ಹುಡುಗಿಯೊಬ್ಬಳು ಗರಗಸ ಹಿಡಿದರೆ ಓಣಿಯಲ್ಲಿ ಮಾತು ಬರುತ್ತದೆ. ಬಂತು. “ಓದಿದ್ದು ಇದಕ್ಕನ?” ಅಂತ ಅಮ್ಮನನ್ನು ಕೇಳಿದವರಿದ್ದಾರೆ. ಅಮ್ಮ ಏನೂ ಹೇಳದೆ ಕೇಳಿದವರ ಮನೆಯಲ್ಲಿದ್ದ ಅವರ ಮಾವನವರ ಫೋಟೊ ತರಿಸಿ ನನಗೆ ಕೊಟ್ಟಳು. ದುಡ್ಡು ಪೂರ್ತಿ ಇಸಿದುಕೊಂಡಳು ಕೂಡ.

ಇದನ್ನೇ ಮುಂದುವರಿಸುವ ಮನಸ್ಸಿರುವವರಿಗೆ ದಾರಿಗಳಿವೆ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲೇ ಈ ಸಂಸ್ಥೆಗಳು ದೇಶದ ಉದ್ದಗಲಕ್ಕೂ ಬಂದವು. ಗ್ರಾಮೀಣ ನಿರುದ್ಯೋಗಿಗಳಿಗೆ ತರಬೇತಿ ಉಚಿತ, ಊಟ ವಸತಿಯೂ ಅಲ್ಲೇ. ಯಾವ ತಿಂಗಳು ಯಾವ ತರಬೇತಿ ಅಂತ ಹೋಗಿ ವಿಚಾರಿಸಬೇಕು. ಇನ್ನೊಂದು, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆ. 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಹತ್ಯಾರಕ್ಕೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿ ತನಕ ಸಾಲ. ಕೈಯಿಂದ ಆ ಕಸುಬು ಮಾಡುತ್ತಿರುವವರಿಗೆ, ಅದೂ ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಕಾಕಾನ ಮೊಮ್ಮಗ ಅರ್ಜಿ ಹಾಕಿದ್ದಾನೆ, ಅರ್ಜಿ ತುಂಬಿಕೊಟ್ಟಿದ್ದು ನಾನು. ಮಟ್ಟ ಹಿಡಿಯಲು ಕಲಿಸಿದ್ದಕ್ಕೆ ಅಷ್ಟಾದರೂ ಮಾಡಬೇಕಲ್ಲ.

ಗಿರಾಕಿಗಳು ಎಲ್ಲಿಂದ ಅಂತ ಕೇಳಿದರೆ, ಒಬ್ಬರಿಂದ ಒಬ್ಬರಿಗೆ ಹಬ್ಬಿದ ಸುದ್ದಿಯಷ್ಟೇ. ಅದರಲ್ಲಿ ದೂರದವರು ಮುಂಡಗೋಡಿನವರು. ಅಲ್ಲಿ 1966ರಿಂದ ಟಿಬೆಟನ್ನರ ನೆಲೆ ಇದೆ, ಗಾದೆನ್, ದ್ರೆಪುಂಗ್ ಹೆಸರಿನ ದೊಡ್ಡ ಮಠಗಳಿವೆ. ಅವರ ಥಾಂಕಾ ಚಿತ್ರಗಳಿಗೆ ಮೂಲದಲ್ಲಿ ಮರದ ಕಟ್ಟೇ ಇಲ್ಲ. ಬಟ್ಟೆಯ ಮೇಲೆ ಬರೆದು ಸುತ್ತಲೂ ರೇಷ್ಮೆ ಹೊಲಿದು, ಬೇಕಾದಾಗ ಬಿಡಿಸಿ, ಬೇಡವಾದಾಗ ಸುತ್ತಿಡುವ ಚಿತ್ರ ಅದು. ಈಗ ಕೆಲವರು ಗಾಜು ಹಾಕಿಸುತ್ತಾರೆ. ಹಾಗೆ ಹಾಕುವುದಾದರೆ ಗಾಜು ಬಣ್ಣಕ್ಕೆ ತಾಗಬಾರದು. ತೇವಕ್ಕೆ ಬಣ್ಣ ಗಾಜಿಗೆ ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ. ಮೆಟ್ಟಿಲಿನ ಒಳಗೆ ಸುತ್ತಲೂ ಒಂದು ಸೂತು ದಪ್ಪದ ತೆಳು ಪಟ್ಟಿ ಕೂರಿಸಿ ಗಾಜಿಗೂ ಚಿತ್ರಕ್ಕೂ ನಡುವೆ ಗಾಳಿ ಬಿಡಬೇಕು. ನಮ್ಮ ಹಳೆಯ ಕಪ್ಪು ಬಿಳುಪು ಫೋಟೊಗಳಿಗೂ ಇದೇ ಮಾತು.

ಅಲ್ಲಿಯ ಕ್ಯಾಂಪಿನ ಒಬ್ಬ ಹಿರಿಯಮ್ಮ ಈ ಸಲ ನಾಲ್ಕು ಕಟ್ಟು ಹೇಳಿದ್ದಾರೆ. ಚಿತ್ರಗಳಲ್ಲ, ಮನೆಯವರ ಫೋಟೊಗಳು. ಮೊದಲ ಕಟ್ಟು ನೋಡಿ ಮೂಲೆಗಳ ಮೇಲೆ ಬೆರಳಾಡಿಸಿ ಚೆನ್ನಾಗಿದೆ ಅಂದರು. ಆಮೇಲೆ ಕತ್ತಿನ ಬಿಳಿಯ ಖಾತಾ ವಸ್ತ್ರ ತೆಗೆದು ಕಟ್ಟಿನ ಮೇಲೆ ಹಾಕಿ ತೋರಿಸಿದರು. ಮೇಣ ಹಚ್ಚಿದ ನುಣುಪಿಗೆ ವಸ್ತ್ರ ಜಾರಿ ಕೆಳಗೆ ಬಿತ್ತು. ನಮ್ಮಲ್ಲಿ ಹಾರ ಹಾಕಿದ ಹಾಗೆ ಅವರಲ್ಲಿ ಫೋಟೊಕ್ಕೆ ಆ ವಸ್ತ್ರ ಹಾಕುತ್ತಾರೆ. ಅದಕ್ಕೇ ಉಳಿದ ಮೂರಕ್ಕೆ ಹಿಂದಿನ ಪಟ್ಟಿಯನ್ನು ಮೇಲ್ಗಡೆ ಒಂದು ಸೂತು ಎತ್ತರಿಸಿ ಅಂಟಿಸುತ್ತಿದ್ದೇನೆ, ವಸ್ತ್ರ ನಿಲ್ಲಲು ಅಷ್ಟು ಅಂಚು ಸಾಕು. ಎರಡು ಮುಗಿದಿವೆ. ಮೂರನೆಯದರ ಪಟ್ಟಿ ಅಟ್ಟದ ಮೇಲೆ ಇದೆ, ಈ ವಾರವೂ ಎಂಟು ಗ್ರಾಂ ಇಳಿದಿದೆ.